ಬಚ್ಚಲ ಹಿಂದಿನ ಜಪಾನ್ ಲಿಂಬೆ

ಮೊನ್ನೆ ನನ್ನ ಮಗಳು ಪಲ್ಲವಿ ಒಂದು ಹಳದಿ ಹಣ್ಣು ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟಳು. ಅವಳು ಶಿಕಾರಿಪುರದ ನಮ್ಮ ಮನೆಯಲ್ಲೇ ಕೇಕು ಮಾಡಿ ಕೊಡುವವಳು. ಫೋನು ನೋಡಿ ಕಲಿತ ವಿದ್ಯೆ, ನನ್ನ ಒಲೆಯ ಮುಂದೆ ನನಗೇ ಜಾಗ ಇಲ್ಲದಂತೆ ಮಾಡಿದ್ದಾಳೆ. ಊಟಿಯ ಕಡೆ ಯಾರದೋ ತೋಟದಲ್ಲಿ ಬೆಳೆದ ಜಪಾನಿನ ಹಣ್ಣಂತೆ, ಯೂಜು ಅಂತ ಹೆಸರಂತೆ, ಗೆಳತಿ ಕಳಿಸಿದ್ದಂತೆ. ನೋಡಲು ಏನೂ ಚೆಂದವಿಲ್ಲ. ಸಿಪ್ಪೆಯ ತುಂಬ ಸಿಡುಬಿನ ಕಲೆಯ ಹಾಗೆ ಗುಳಿ. ಆದರೆ ಅವಳು ಚಾಕು ಇಟ್ಟದ್ದೇ ತಡ, ನಾನು ಸೌಟು ಬಿಟ್ಟು ತಿರುಗಿದೆ. ಆ ವಾಸನೆ ನನಗೆ ಗೊತ್ತಿತ್ತು. ಬಿಸಿನೀರಿನ ಹಬೆ, ಹರಳೆಣ್ಣೆ, ಒದ್ದೆ ಕಲ್ಲು ಎಲ್ಲವೂ ಅದರ ಜೊತೆಗೇ ಬಂದವು. ಪಲ್ಲವಿ ಒಂದು ಹೋಳು ನನ್ನ ಬಾಯಿಗಿಟ್ಟಳು, ಇನ್ನೊಂದನ್ನು ಕಿಟಕಿ ಪಕ್ಕ ಕೂತಿದ್ದ ನನ್ನ ಅಮ್ಮನ ಬಾಯಿಗಿಟ್ಟಳು. ಅಮ್ಮನಿಗೆ ಈಗ ಕಣ್ಣು ಮಂಜು, ಮೊಣಕಾಲು ನೋವು. ನಾಲಗೆಗೆ ಮಾತ್ರ ಏನೂ ಆಗಿಲ್ಲ. ಒಂದು ಕಣ್ಣು ಮುಚ್ಚಿ ಚೀಪಿದಳು. ಬೀಜಗಳನ್ನು ಅಂಗೈಗೆ ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇದು ಹಣ್ಣಲ್ಲ."

"ಅಮ್ಮಮ್ಮ, ಇದಕ್ಕೆ ದೊಡ್ಡ ದೊಡ್ಡ ಹೋಟೆಲಿನೋರು ಕಾದು ಕೂತಿರ್ತಾರೆ. ಹಣ್ಣಲ್ದೆ ಮತ್ತೇನಿದು?"

"ಹಣ್ಣಲ್ಲ ಅಂದ್ರ ಹಣ್ಣಲ್ಲ ಬಿಡವ್ವಾ."

ಪಲ್ಲವಿ ಮುಖ ಊದಿಸಿಕೊಂಡು ಹಣ್ಣಿನ ಡಬ್ಬ ಎತ್ತಿಕೊಂಡು ಒಳಗೆ ಹೋದಳು. ನನಗೆ ನಗು ಬಂತು. ಆ ಮಾತನ್ನು ಅಮ್ಮ ಹೇಳುವುದನ್ನು ನಾನು ಚಿಕ್ಕಂದಿನಿಂದ ವರ್ಷ ವರ್ಷವೂ ಕೇಳಿದ್ದೇನೆ. ಅದು ರುಚಿಯ ಮಾತಲ್ಲ. ಆ ಮಾತಿನ ಮೇಲೆ ನಮ್ಮ ಮನೆ ನಿಂತಿತ್ತು. ಅದನ್ನು ಮಗಳಿಗೆ ಒಂದೇ ಉಸಿರಿನಲ್ಲಿ ಹೇಳಲು ಹೋದರೆ ಅರ್ಥವಾಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಇದ್ದದ್ದು ಸೊರಬ ತಾಲೂಕಿನ ಹೊಸಬಾಳೆಯಲ್ಲಿ. ಮನೆ ಅಂದರೆ ಅಜ್ಜಿ. ಅಪ್ಪನ ತಾಯಿ. ಗಂಡ ಹೋದ ಮೇಲೆ ಗದ್ದೆ, ದನ, ಆಳು, ಎಲ್ಲವನ್ನೂ ತಾನೇ ನಿಂತು ನಡೆಸಿದವಳು. ಪಹಣಿ ಪತ್ರಕ್ಕೆ ತಾಲೂಕು ಕಚೇರಿಗೆ ಹೋದರೆ ಗುಮಾಸ್ತರೇ ಎದ್ದು ಕುರ್ಚಿ ಕೊಡುತ್ತಿದ್ದರಂತೆ, ಹಾಗಂತ ಅವಳೇ ಹೇಳುತ್ತಿದ್ದಳು. ಅಪ್ಪ ಶಿಕಾರಿಪುರದಲ್ಲಿ ಲೈನ್‌ಮನ್. ಅಲ್ಲೊಂದು ಬಾಡಿಗೆ ಕೋಣೆ. ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಡುವ ಮನುಷ್ಯ. ಅವನು ಮನೆಯಲ್ಲಿ ಮಾತಾಡಿದ್ದು ನನಗೆ ನೆನಪಿರುವುದು ಕಡಿಮೆ. ಇಬ್ಬರು ಹೆಂಗಸರ ನಡುವೆ ಬಾಯಿ ತೆರೆಯುವುದಕ್ಕಿಂತ ಕಂಬ ಹತ್ತುವುದೇ ವಾಸಿ ಅಂತ ಅವನಿಗೆ ಅನ್ನಿಸಿರಬೇಕು. ಅಮ್ಮ ಶಿಕಾರಿಪುರದ ಪೇಟೆಯ ಹುಡುಗಿ. ಮದುವೆಗೆ ಮುಂಚೆಯೇ ರವಿಕೆ ಹೊಲಿದು ಹೆಸರು ಮಾಡಿದವಳು. ಅವಳ ಹೊಲಿಗೆ ಮಿಷನ್ ಮಾತ್ರ ತವರಿನಲ್ಲೇ ಉಳಿದಿತ್ತು. ಅಜ್ಜಿ ಅದನ್ನು ಹೊಸಲು ದಾಟಿಸಲು ಬಿಟ್ಟಿರಲಿಲ್ಲ.

"ದಿನಾ ಗಡಗಡ ಅಂದ್ರೆ ಇದು ಮನೆಯಾ, ಗಿರಣಿಯಾ?"

ಅಮ್ಮನಿಗೆ ಬೇಕಾಗಿದ್ದು ಒಂದೇ: ಶಿಕಾರಿಪುರದಲ್ಲಿ ಎರಡು ಕೋಣೆಯ ಮನೆ, ಸಂಜೆಗೆ ಮನೆಗೆ ಬರುವ ಗಂಡ, ಕಿಟಕಿಯ ಪಕ್ಕ ಮಿಷನ್. ಅಜ್ಜಿಗೆ ಬೇಕಾಗಿದ್ದೂ ಒಂದೇ: ಆ ಮನೆಯಲ್ಲಿ ಒಬ್ಬಳೇ ಉಳಿಯಬಾರದು. ಇಬ್ಬರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅದರ ಬದಲು ಉಪ್ಪಿಗೆ, ಮಜ್ಜಿಗೆಗೆ, ದನಕ್ಕೆ ಹಾಕಿದ ಹುಲ್ಲಿಗೆ, ಒಗೆದ ಬಟ್ಟೆ ಹರವಿದ ಜಾಗಕ್ಕೆ ಜಗಳವಾಡಿದರು. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನಕ್ಕೆ ಕಾವು ಏರಿ, ಅಮ್ಮ ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಿದ್ದಳು. ಮಾತು ನಿಂತಿತು ಅಂದರೆ ನಾನು ಚಪ್ಪಲಿ ಹುಡುಕುತ್ತಿದ್ದೆ. ಕೆಂಪು ರೆಕ್ಸಿನ್ ಚೀಲ ಹೊರಬರುತ್ತಿತ್ತು, ನನ್ನ ಮಣಿಕಟ್ಟು ಅಮ್ಮನ ಮುಷ್ಟಿಯೊಳಗೆ ಸೇರುತ್ತಿತ್ತು, ಸೊರಬಕ್ಕೊಂದು ಬಸ್ಸು, ಅಲ್ಲಿಂದ ಶಿಕಾರಿಪುರಕ್ಕೊಂದು. ಹೊಸಬಾಳೆಯಲ್ಲಿ ಅಕ್ಕಿ ರೊಟ್ಟಿ ತಿಂದ ಬಾಯಲ್ಲಿ ರಾತ್ರಿ ಜೋಳದ ರೊಟ್ಟಿ. ಇಲ್ಲಿ 'ಎಂತ' ಅಂದರೆ ಅಲ್ಲಿ ನಗುತ್ತಿದ್ದರು, ಅಲ್ಲಿ 'ಐತಿ' ಅಂತ ಕಲಿತು ಬಂದರೆ ಇಲ್ಲಿ ಅಜ್ಜಿ ಗದರುತ್ತಿದ್ದಳು. ಹೊಸಬಾಳೆಯಲ್ಲಿದ್ದಾಗ ನನಗೆ ಪೇಟೆಯ ಮಂಡಕ್ಕಿ ಮೆಣಸಿನಕಾಯಿಯ ಚಿಂತೆ, ಪೇಟೆಯಲ್ಲಿದ್ದಾಗ ಕರುವಿನ ಚಿಂತೆ. ಕೂತಲ್ಲಿ ಕೂರದ ಸ್ವಭಾವ ನನಗೆ ಅಂಟಿದ್ದು ಆಗಲೇ. ಮುಂದೆ ಅಂಗನವಾಡಿ ಮೇಲ್ವಿಚಾರಕಿಯಾಗಿ ಊರೂರು ಬಸ್ಸಿನಲ್ಲಿ ತಿರುಗಿದೆ, ಈಗ ನಿವೃತ್ತಿಯಾದರೂ ಕಪಾಟಿನ ಕೆಳಗೆ ಒಂದು ಚೀಲ ತುಂಬಿಯೇ ಇರುತ್ತದೆ.

ಒಂದು ಸಲ ಅಮ್ಮ ತವರಿಗೆ ಹೋದವಳು ಬಹಳ ದಿನ ಬರಲಿಲ್ಲ. ಕೊನೆಗೆ ಅವಳ ಅಣ್ಣ, ನನ್ನ ಶಂಕ್ರಮಾಮ, ನಮ್ಮನ್ನು ಕರೆತಂದ. ಅವನು ಒಂದು ನರ್ಸರಿಯ ವ್ಯಾನು ಓಡಿಸುತ್ತಿದ್ದ. ಊರೂರಿಗೆ ಕಸಿ ಗಿಡ ಮಾರುವ ವ್ಯಾನು. ಬರುವಾಗ ಹಾಲಿನ ಪುಡಿಯ ಡಬ್ಬದಲ್ಲಿ ಒಂದು ಗಿಡ ತಂದಿದ್ದ. ಕಡ್ಡಿಯಷ್ಟೇ ಇತ್ತು, ಅದಕ್ಕೂ ಆಗಲೇ ಮುಳ್ಳು. ಜಪಾನ್ ಲಿಂಬೆ, ಎರಡು ಮೂರು ವರ್ಷಕ್ಕೆಲ್ಲ ಹಣ್ಣು ಬಿಡುತ್ತದೆ ಅಂದ. ಅಜ್ಜಿ ಮೆಟ್ಟಿಲ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅಮ್ಮ ಡಬ್ಬವನ್ನು ಎದೆಗವಚಿಕೊಂಡು ಅಂಗಳದಲ್ಲೇ ನಿಂತಳು.

"ಅತ್ತೆ, ಇದನ್ನ ನೆಡ್ತೀನ್ರಿ. ಇದು ಹಣ್ಣು ಬಿಡೋತನಕ ಈ ಮನ್ಯಾಗ ಇರ್ತೀನಿ, ಚೀಲ ಹಿಡಿಯಂಗಿಲ್ಲ. ಮೊದಲ್ನೇ ಹಣ್ಣು ತಿಂದು ಶಿಕಾರಿಪುರಕ್ಕ ಮನಿ ಮಾಡ್ತೀವಿ. ನೀವು ಬ್ಯಾಡ ಅನ್ನಂಗಿಲ್ಲ."

ಅಜ್ಜಿ ಅಡಿಕೆಯ ಹೋಳು ಬಾಯಿಗೆ ಹಾಕಿಕೊಂಡಳು.

"ಆತು. ನೆಡು."

ಅಷ್ಟೇ. ನಾನು ಸಾಕ್ಷಿ, ಶಂಕ್ರಮಾಮ ಸಾಕ್ಷಿ. ಆವತ್ತೇ ಸಂಜೆ ಅಮ್ಮ ಗಿಡವನ್ನು ಬಚ್ಚಲ ಹಿಂದೆ, ಮಿಂದ ನೀರು ಹರಿದು ಹೋಗುವ ಕಡೆ ನೆಟ್ಟಳು. ನಮ್ಮಲ್ಲಿ ಹುಳಿಗಿಡಕ್ಕೆ ಅದೇ ಜಾಗ. ಅಲ್ಲಿ ಅಜ್ಜಿಯ ಕಂಚಿ ಮರ ಮೊದಲೇ ಇತ್ತು. ಆ ಮನೆಯ ಹುಳಿಯೆಲ್ಲ ಅದರದೇ. ಕಂಚಿಯ ಉಪ್ಪಿನಕಾಯಿ, ಕಂಚಿಯ ಸಾರು, ಜ್ವರ ಬಂದರೆ ಕಂಚಿಯ ಗೊಜ್ಜು. ಪೇಟೆಯಿಂದ ಲಿಂಬೆಹಣ್ಣು ತಂದರೆ ಅಜ್ಜಿಗೆ ಅವಮಾನ. ಅಂಥವಳು ದಿನಾ ಬೆಳಿಗ್ಗೆ ಹಂಡೆಯ ಒಲೆಯ ಬೂದಿಯನ್ನು ತನ್ನ ಮರಕ್ಕೆ ಹಾಕುವಾಗ, ಗೊಣಗುತ್ತಲೇ ಒಂದು ಹಿಡಿ ಆ ಪರದೇಶಿ ಗಿಡಕ್ಕೂ ಎಸೆಯುತ್ತಿದ್ದಳು. ಗಿಡ ಬೆಳೆಯಿತು. ಮುಳ್ಳು ಅದಕ್ಕಿಂತ ಜೋರಾಗಿ ಬೆಳೆಯಿತು, ನನ್ನ ಬೆರಳುದ್ದ. ಅಮ್ಮ ಮಾತು ಉಳಿಸಿಕೊಂಡಳು. ಜಗಳ ನಿಲ್ಲಲಿಲ್ಲ, ಚೀಲ ಮಾತ್ರ ಅಟ್ಟದ ಮೇಲೇ ಇತ್ತು. ಜಗಳವಾದ ದಿನ ಅಮ್ಮ ಬಚ್ಚಲ ಹಿಂದೆ ಹೋಗಿ ಗಿಡವನ್ನು ನೋಡಿಕೊಂಡು ನಿಲ್ಲುತ್ತಿದ್ದಳು, ಬಸ್ಸಿಗೆ ಕಾಯುವವರು ರಸ್ತೆ ನೋಡುವ ಹಾಗೆ.

ಹೂವಿನ ವಿಷಯದಲ್ಲಿ ಅಜ್ಜಿಗೆ ಒಂದು ಕಟ್ಟುನಿಟ್ಟು ಇತ್ತು. ದೇವರಿಗೆ ದಾಸವಾಳ, ಕಣಗಿಲೆ, ತುಂಬೆ ಏನು ಬೇಕಾದರೂ ಕೀಳಬಹುದು. ಕಾಯಿ ಕಟ್ಟುವ ಹೂವು ಮುಟ್ಟುವಂತಿಲ್ಲ. ನಾನೊಮ್ಮೆ ಆಟಕ್ಕೆ ಕುಂಬಳದ ಹೂ ಕಿತ್ತು ಕಿವಿಗೆ ಸಿಕ್ಕಿಸಿಕೊಂಡದ್ದಕ್ಕೆ ಆ ಕಿವಿಯನ್ನೇ ತಿರುವಿದ್ದಳು. ಹೊಟ್ಟೆಯಲ್ಲಿರುವ ಕೂಸನ್ನು ಎಳೆದ ಹಾಗೆ ಅದು, ಅಂತ ಬೈದಿದ್ದಳು. ಹಾಗಾಗಿ ಜಪಾನ್ ಲಿಂಬೆಯಲ್ಲಿ ಮೊದಲ ಸಲ ಬಿಳಿ ಮೊಗ್ಗು ಕಂಡಾಗ ಅವಕ್ಕೆ ಯಾವ ಅಪಾಯವೂ ಇಲ್ಲ ಅಂತಲೇ ನಾವೆಲ್ಲ ತಿಳಿದೆವು. ಅಮ್ಮ ಆವತ್ತು ಹಾಡು ಗುನುಗುತ್ತ ಪಾತ್ರೆ ತೊಳೆದಳು. ನಾನು ನನ್ನ ಗೊಂಬೆ, ಬಳಪದ ಡಬ್ಬಿ ಎಲ್ಲ ಒಂದು ಕಡೆ ಕೂಡಿಟ್ಟು, ಪೇಟೆಯ ಶಾಲೆಗೆ ಹೋಗುವ ಕನಸು ಕಾಣತೊಡಗಿದೆ. ಕೆಲವೇ ದಿನಕ್ಕೆ ಗಿಡ ಬೋಳಾಗಿತ್ತು. ಒಂದು ಹೀಚುಕಾಯಿಯೂ ಇಲ್ಲ. ಗಾಳಿಗೆ ಉದುರಿರಬೇಕು ಅಂದಳು ಅಜ್ಜಿ. ಮರುವರ್ಷವೂ ಹೂವಾಯಿತು, ಮರುವರ್ಷವೂ ಗಾಳಿ. ಮಗ್ಗುಲಲ್ಲೇ ಇದ್ದ ಕಂಚಿ ಮರದ ಹೂವು ಮಾತ್ರ ಆ ಗಾಳಿಗೆ ಅಲುಗಲೂ ಇಲ್ಲ.

ಅದರ ಮುಂದಿನ ಸಲ ಹೂವಾದಾಗ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬೆಳಕು ಹರಿಯುವಾಗ ಎದ್ದು ಬಚ್ಚಲಿಗೆ ಹೋದೆ. ಸಂದಿಯಿಂದ ನೋಡಿದರೆ, ಅಜ್ಜಿ. ಹೂಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, ಆ ಮುಳ್ಳಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ಒಂದೊಂದೇ ಹೂವು ಕೀಳುತ್ತಿದ್ದಾಳೆ. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ದೇವರ ಹೆಸರೋ, ಗಿಡಕ್ಕೆ ಕ್ಷಮೆಯೋ, ತಿಳಿಯಲಿಲ್ಲ. ಆಮೇಲೆ ದೇವರ ಗೂಡಿನಲ್ಲಿ ದಾಸವಾಳದ ಅಡಿಯಿಂದ ಆ ಬಿಳಿ ಎಸಳು ಇಣುಕುತ್ತಿದ್ದವು, ನಡುಮನೆಯೆಲ್ಲ ಘಮಘಮ. ಅಮ್ಮನಿಗೆ ಹೇಳಿದರೆ ಚೀಲ ಇಳಿಯುತ್ತದೆ, ಮಾತು ಮುರಿದವಳು ಅಜ್ಜಿ ಆಗುತ್ತಾಳೆ. ಹೇಳದಿದ್ದರೆ ನಾನು ಆ ಊರಲ್ಲೇ ಮುದುಕಿ. ಬೆಳಗಿನಿಂದ ಒಳಗೂ ಹೊರಗೂ ಓಡಾಡಿದೆ. ಹೇಳುವ ಕಷ್ಟ ನನಗೆ ಬರಲಿಲ್ಲ. ಆ ಮಧ್ಯಾಹ್ನ ಅಮ್ಮ ಅಜ್ಜಿಗೆ ಊಟ ಬಡಿಸುತ್ತಿದ್ದಾಗ ಅಜ್ಜಿ ಕೈ ಚಾಚಿದಳು, ಸೆರಗು ಜಾರಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಗೀರು. ಹಳೆಯವು, ಹೊಸವು, ಒಂದರ ಮೇಲೊಂದು.

"ಏನ್ರಿ ಅತ್ತೆ ಇದು?"

"ಬೆಕ್ಕು ಪರಚ್ತು."

"ನಮ್ಮನ್ಯಾಗ ಬೆಕ್ಕೆಲ್ಲಿ ಐತ್ರಿ?"

"ಎಂತಕ್ಕೆ, ಬೆಕ್ಕು ನಿನ್ನ ಕೇಳಿ ಬರಬೇಕಾ? ಹುಳಿ ಹಾಕು."

ಅಮ್ಮ ಹುಳಿ ಹಾಕಿದಳು. ಅಜ್ಜಿಯ ಕೈ ನೋಡಿದಳು, ಬಾಗಿಲಾಚೆ ಬಚ್ಚಲ ಕಡೆ ನೋಡಿದಳು, ದೇವರ ಗೂಡಿನ ಕಡೆ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು ಅಂತ ನನಗೂ ತಿಳಿಯಿತು. ಈಗ ಮನೆ ಹಾರಿಹೋಗುತ್ತದೆ ಅಂತ ನಾನು ತುತ್ತು ನುಂಗದೆ ಕೂತೆ. ಅಮ್ಮ ಎದ್ದು ಒಳಗೆ ಹೋದಳು. ಹಿಂದಕ್ಕೆ ಬಂದಾಗ ಕೈಯಲ್ಲಿ ಚೀಲ ಇರಲಿಲ್ಲ, ಕೊಬ್ಬರಿ ಎಣ್ಣೆಯ ಬಟ್ಟಲು ಇತ್ತು. ಅರಿಸಿನ ಕಲಸಿ, ಊಟ ಮಾಡುತ್ತಿದ್ದ ಅಜ್ಜಿಯ ಎಡಗೈ ಎಳೆದು ತೊಡೆಯ ಮೇಲಿಟ್ಟುಕೊಂಡು, ಗೀರಿಗೆಲ್ಲ ಹಚ್ಚಿದಳು. ಬಲಗೈಗೆ ಊಟದ ಮೇಲೆ ಹಚ್ಚಿದಳು. ಮೆತ್ತಗೇನೂ ಹಚ್ಚಲಿಲ್ಲ, ಉಜ್ಜಿದಳು. ಅಜ್ಜಿ ಹಲ್ಲು ಕಚ್ಚಿ ಕೂತಿದ್ದಳು.

ಎಲ್ಲರ ಕಣ್ಣು ತಪ್ಪಿಸಿ ಆ ವರ್ಷ ಒಂದೇ ಒಂದು ಕಾಯಿ ಉಳಿಯಿತು. ಗಿಡದ ನಡುವೆ, ಮುಳ್ಳಿನ ಗೂಡಿನೊಳಗೆ, ಅಜ್ಜಿಯ ಕೈ ಹೋಗದ ಕಡೆ. ಅದು ಹಸಿರಾಗಿದ್ದಷ್ಟು ಕಾಲ ಎಲೆಯಲ್ಲಿ ಎಲೆಯಾಗಿತ್ತು. ದೀಪಾವಳಿಯ ಹೊತ್ತಿಗೆ ಒಂದು ಮಗ್ಗುಲು ಹಳದಿಗೆ ತಿರುಗಿತು. ಹಬ್ಬಕ್ಕೆ ಬಂದಿದ್ದ ಅಪ್ಪ ಹಂಡೆ ಉಜ್ಜಲು ಬೂದಿ ತೆಗೆಯುತ್ತಿದ್ದವನು ಅದನ್ನು ಕಂಡು, ಏನೂ ತಿಳಿಯದ ಮನುಷ್ಯ, ದೊಡ್ಡ ದನಿಯಲ್ಲಿ ಕೂಗಿ ಹೇಳಿದ.

"ಏ, ಇಲ್ಬರ್ರೋ. ಜಪಾನ್ ಲಿಂಬೆ ಹಣ್ಣಾತು."

ನಾವು ಮೂವರೂ ಅಲ್ಲಿಗೆ ಹೋಗಿ ನಿಂತೆವು. ಅಜ್ಜಿಯ ಮುಖ ಸುಣ್ಣದ ಹಾಗಾಗಿತ್ತು. ಆ ಮುಖ ನೋಡಿ ನನಗೆ ಪಾಪ ಅನ್ನಿಸಲಿಲ್ಲ ಅಂತ ಹೇಳಿದರೆ ಸುಳ್ಳಾದೀತು, ಅನ್ನಿಸಿತು. ಆದರೂ ಓಡಿ ಹೋಗಿ ಅಟ್ಟದಿಂದ ಕೆಂಪು ಚೀಲ ಇಳಿಸಿದವಳು ನಾನೇ. ಆವತ್ತು ನೀರು ತುಂಬುವ ಹಬ್ಬ. ಸಂಜೆ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಬಾವಿಯ ನೀರು ತುಂಬಿಸಿ ಪೂಜೆ ಮಾಡಿದ ಮೇಲೆ, ಅಲ್ಲೇ ಹಣ್ಣು ಕತ್ತರಿಸಿದ್ದಾಯಿತು. ಅಪ್ಪ ಲಿಂಬೆಹಣ್ಣು ಅಂತ ತಿಳಿದು ಹಿಂಡಿದ. ಹಿಂಡಿದಷ್ಟೂ ಬೀಜ. ಬಟ್ಟಲ ತಳಕ್ಕೆ ಒಂದು ಚಮಚ ರಸ ಬಿದ್ದರೆ ಹೆಚ್ಚು. ನಮ್ಮ ಲೆಕ್ಕದಲ್ಲಿ ಹುಳಿಹಣ್ಣಿನ ಯೋಗ್ಯತೆ ರಸದಲ್ಲಿ. ಸಿಪ್ಪೆಗೆ ಬೆಲೆ ಇದ್ದೀತು ಅಂತ ಯಾರಿಗೆ ಗೊತ್ತು. ಅಪ್ಪ ಬೆರಳದ್ದಿ ನೆಕ್ಕಿ ಹುಬ್ಬು ಗಂಟು ಹಾಕಿದ, ನಾನು ನೆಕ್ಕಿ ಉಗಿದೆ. ಅಜ್ಜಿ ಮುಟ್ಟಲಿಲ್ಲ. ಅಮ್ಮ ಒಂದು ತೊಳೆ ಬಿಡಿಸಿ ಬಾಯಿಗಿಟ್ಟುಕೊಂಡಳು, ಕಣ್ಣು ಮುಚ್ಚಿದಳು, ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಎದ್ದು ಚೀಲಕ್ಕೆ ಬಟ್ಟೆ ಮಡಚತೊಡಗಿದಳು. ಅಜ್ಜಿ ನೆಲದ ಮೇಲೆ ಬಿದ್ದಿದ್ದ ಸಿಪ್ಪೆಗಳನ್ನು ಆರಿಸಿ ಹಂಡೆಯೊಳಗೆ ಹಾಕಿದಳು. ಅವಳು ಏನನ್ನೂ ಬಿಸಾಕುವವಳಲ್ಲ.

ಬೆಳಗಿನ ಜಾವ ಎಣ್ಣೆಶಾಸ್ತ್ರ. ಹಬ್ಬದ ದಿನ ಎಲ್ಲರ ತಲೆಗೂ ಅಜ್ಜಿಯೇ ಎಣ್ಣೆಯಿಡಬೇಕು, ಸೊಸೆಯ ತಲೆಗೂ. ನಾನು ಮಿಂದು ಬಂದು ಒಲೆಯ ಬಾಯಲ್ಲಿ ಚಳಿ ಕಾಯಿಸುತ್ತ ಕೂತಿದ್ದೆ. ಹಂಡೆಯ ಮುಚ್ಚಳ ತೆಗೆದಾಗಲೆಲ್ಲ ಆ ಸಿಪ್ಪೆಯ ವಾಸನೆ ಹಬೆಯ ಜೊತೆ ಎದ್ದು, ಬಚ್ಚಲು ತುಂಬಿ, ಒಳಮನೆಗೆಲ್ಲ ಹರಡುತ್ತಿತ್ತು. ಕಂಚಿಯದಲ್ಲ, ಲಿಂಬೆಯದಲ್ಲ, ಕಿತ್ತಲೆಯದೂ ಅಲ್ಲ. ಮೂಗಿನೊಳಗೆ ಹೋಗಿ ಮನಸ್ಸನ್ನು ಸುಮ್ಮನಾಗಿಸುವ ವಾಸನೆ. ನನ್ನಂಥ ನನ್ನನ್ನೇ ಅದು ಅಲ್ಲಿ ಕೂರಿಸಿತ್ತು. ಅಮ್ಮ ಮಣೆಯ ಮೇಲೆ ಕೂತಿದ್ದಳು. ಅಜ್ಜಿ ಅವಳ ನೆತ್ತಿಗೆ ಹರಳೆಣ್ಣೆ ತಟ್ಟಿ ತಿಕ್ಕಿದಳು. ಮುಳ್ಳಿನ ಗೀರು ಒಣಗಿ ಗೆರೆಯಾಗಿದ್ದ ಕೈಯಿಂದ ತಂಬಿಗೆ ತಂಬಿಗೆ ನೀರು ಹೊಯ್ದಳು. ಹೊಯ್ಯುತ್ತಲೇ, ನೀರಿನ ಸದ್ದಿನಲ್ಲಿ ಮುಚ್ಚಿಹೋಗಲಿ ಅನ್ನುವ ಹಾಗೆ, ಕೇಳಿದಳು.

"ಮೊದಲ್ನೇ ಬಸ್ಸಿಗಾ, ಊಟ ಮಾಡ್ಕಂಡು ಹೋಗದಾ?"

ಅಮ್ಮ ಮುಖದ ಮೇಲಿನ ನೀರು ಸವರಿಕೊಂಡಳು.

"ಎಲ್ಲಿಗ್ರಿ?"

"ಹಣ್ಣಾತಲ್ಲೇ."

"ಅದು ಹಣ್ಣಲ್ರಿ ಅತ್ತೆ. ಬರೇ ಬೀಜ. ರಸ ಇಲ್ದಿದ್ದು ಎಲ್ಲಿ ಹಣ್ಣು? ಬರೋ ವರ್ಷ ನೋಡೋಣು. ನೀರು ಹಾಕ್ರಿ, ಚಳಿ ಆಗ್ತೈತಿ."

ಅಜ್ಜಿ ನೀರು ಹಾಕಿದಳು. ಹಾಕುತ್ತಲೇ ಇದ್ದಳು, ಸಾಕು ಅಂದರೂ ಹಾಕಿದಳು. ಅವಳು ಅಳುತ್ತಿದ್ದಳೋ ಹಬೆಯೋ ನನಗೆ ಕಾಣಲಿಲ್ಲ, ನೋಡುವ ತಾಳ್ಮೆಯೂ ನನಗಿರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಶಾಲೆ, ಮಂಡಕ್ಕಿ, ಪೇಟೆಯ ದೀಪ ಎಲ್ಲ ಹೋಯಿತು. ಒಳಗೆ ಹೋಗಿ ಚೀಲಕ್ಕೆ ಒದ್ದೆ. ನಿನ್ನೆ ಅಷ್ಟು ಹೊತ್ತು ಬಾಯಲ್ಲಿಟ್ಟುಕೊಂಡು ತಿಂದದ್ದು ಹಣ್ಣಲ್ಲದಿದ್ದರೆ ಮತ್ತೇನು ಅಂತ ಅಮ್ಮನನ್ನು ಕೇಳಿ ಏಟೂ ತಿಂದೆ. ಹಬ್ಬ ಮುಗಿಸಿ ಅಪ್ಪ ಬಸ್ಸಿಗೆ ಹೊರಟಾಗ ಅಜ್ಜಿ ಬೇಲಿಯ ತನಕ ಅವನ ಹಿಂದೆ ಹೋದಳು.

"ಬರೋ ಶನಿವಾರ ಬರುವಾಗ ಅವಳ ಮಿಷನ್ ಬಸ್ಸಿನ ಮೇಲೆ ಹಾಕ್ಕಂಡು ಬಾ. ಕಿಟಕಿ ಹತ್ರ ಇಡಾನ. ಗಡಗಡ ಅಂದ್ರೆ ಅನ್ಲಿ, ನಂಗೂ ಕಿವಿ ಮಂದ ಆಗ್ತಾ ಅದೆ."

ಅವಳ ಕಿವಿಗೆ ಏನೂ ಆಗಿರಲಿಲ್ಲ. ಮಿಷನ್ ಬಂತು. ಹೊಸಬಾಳೆಯ ಹೆಂಗಸರೆಲ್ಲ ರವಿಕೆ ಬಟ್ಟೆ ಹಿಡಿದು ಬರತೊಡಗಿದರು, ದೂರದ ಜಡೆ ಊರಿನಿಂದಲೂ ಬಂದರು. ಅಜ್ಜಿ ಮಿಷನ್ನಿನ ಪಕ್ಕ ಕೂತು ಗುಂಡಿ ಹೊಲಿಯುತ್ತ ಬಂದವರ ಮೇಲೆಲ್ಲ ಜೋರು ಮಾಡುತ್ತಿದ್ದಳು. ಜಗಳ ಆಗಲೂ ನಿಲ್ಲಲಿಲ್ಲ, ಅದು ಆ ಮನೆಯ ಉಸಿರಾಟ. ಆಮೇಲೆ ಯಾರೂ ಹೂವು ಕೀಳಲಿಲ್ಲ. ಗಿಡ ಮೈತುಂಬ ಕಾಯಿ ಬಿಟ್ಟಿತು. ಪ್ರತಿ ದೀಪಾವಳಿಗೂ ಅಮ್ಮ ಒಂದನ್ನು ಕತ್ತರಿಸಿ ರುಚಿ ನೋಡುವುದು, ಅಜ್ಜಿ ಹಣ್ಣಾಯ್ತಾ ಅಂತ ಕೇಳುವುದು, ಅಮ್ಮ ಇಲ್ಲ ಅನ್ನುವುದು, ಸಿಪ್ಪೆ ಹಂಡೆಗೆ ಬೀಳುವುದು. ಕೊನೆಯ ವರ್ಷ ಅಜ್ಜಿ ಹಾಸಿಗೆ ಹಿಡಿದಿದ್ದಳು. ತಾನೇ ಒಂದು ಹೋಳು ಕೇಳಿ ಪಡೆದು, ಹಲ್ಲಿಲ್ಲದ ಬಾಯಲ್ಲಿ ಚೀಪಿ, ಅಮ್ಮನ ಕೈ ಹಿಡಿದುಕೊಂಡಳು.

"ಈ ಸಲದ್ದು ಹಣ್ಣೇ ಕಣೇ. ನಾನೇ ಹೇಳ್ತಿದೀನಲ್ಲ. ಹೋಗು, ಮನೆ ಮಾಡು."

"ಜ್ವರದ ಬಾಯಿಗೆ ಏನ್ ರುಚಿ ಗೊತ್ತಾಗ್ತೈತ್ರಿ ಅತ್ತೆ? ಹಣ್ಣಲ್ಲ ಅದು. ಸುಮ್ನ ಮಲಗ್ರಿ."

ಆ ಮಾಗಿಯಲ್ಲೇ ಅಜ್ಜಿ ಹೋದಳು. ನಾವು ಶಿಕಾರಿಪುರಕ್ಕೆ ಬಂದದ್ದು ಅದಾದ ಮೇಲೆ. ಆಮೇಲೆ ಆ ಮನೆಗೆ ಬಂದ, ಅಪ್ಪನ ಚಿಕ್ಕಪ್ಪನ ಮಗ ಹಳೆಯ ಬಚ್ಚಲು ಕೆಡವಿ ಬಾತ್‌ರೂಮ್ ಕಟ್ಟಿಸಿದಾಗ ಗಿಡವೂ ಹೋಯಿತು. ಅದು ಪಲ್ಲವಿ ತಂದ ಯೂಜುವೇ ಹೌದೋ, ಅದರ ದಾಯಾದಿಯೋ, ಪ್ರಮಾಣ ಮಾಡಿ ಹೇಳಲಾರೆ. ನನ್ನ ಮೂಗು ಮಾತ್ರ ಅದೇ ಅನ್ನುತ್ತದೆ. ಮೊನ್ನೆ ಮಗಳು ಸಿಟ್ಟು ಮಾಡಿಕೊಂಡು ಒಳಗೆ ಹೋದ ಮೇಲೆ ನಾನು ಕಟ್ಟೆ ಒರೆಸುತ್ತಿದ್ದೆ. ಅಮ್ಮ ಕಿಟಕಿ ಪಕ್ಕ ಅಂಗೈಯೊಳಗಿನ ಬೀಜಗಳನ್ನು ಬೆರಳಿಂದ ಆಡಿಸುತ್ತಿದ್ದಳು. ಆಮೇಲೆ ಉಳಿದ ಸಿಪ್ಪೆಯನ್ನು ತಡಕಿ ತೆಗೆದು ಮೂಗಿಗೆ ಹಿಡಿದಳು.

"ಮೊದಲ್ನೇ ವರ್ಷದ್ದೇ ಹಣ್ಣಾಗಿತ್ತು ಕಣೇ. ಎಂಥಾ ಹಣ್ಣು ಅದು. ಹೌದು ಅಂದಿದ್ರ ಹೊರಡಬೇಕಾಗಿತ್ತಲ್ಲ."